ಗಡಿಕಲ್ಲಿನ ಆಚೆಗೆ ಯಾರ ಯೋಜನೆ?

ಬೆಳೆಗಾರರ ಪತ್ರಿಕೆಯಲ್ಲಿ ಆಳಂದ, ಅಫಜಲಪುರ, ಜೇವರ್ಗಿಗಳ ಮಾತೇಕೆ ಎಂದು ಸದಸ್ಯ ಬಂಧುಗಳು ಕೇಳಬಹುದು. ಅದು ಕಾಫಿಯ ಸೀಮೆಯಲ್ಲ, ಅಡಿಕೆಯ ಸೀಮೆಯೂ ಅಲ್ಲ. ಅಲ್ಲಿರುವುದು ಎರೆಮಣ್ಣು, ತೊಗರಿ, ಜೋಳ, ಭೀಮೆಯ ದಂಡೆಯಲ್ಲಿ ಕಬ್ಬು. ನಮಗೂ ಆ ಕಡೆಗೂ ಇರುವ ನಂಟೆಂದರೆ ದಿನನಿತ್ಯ ಸಾರಿಗೆ ಬೇಯುವ ಬೇಳೆ, ಮತ್ತು ಕೊಯ್ಲಿನ ಕಾಲಕ್ಕೆ ನಮ್ಮ ಲೈನುಗಳಿಗೆ ಬಂದಿಳಿಯುವ ಉತ್ತರದ ಜಿಲ್ಲೆಗಳ ಆಳುಗಳು. ಆದರೂ ಒಂದು ವಿಷಯದಲ್ಲಿ ನಾವೂ ಅವರೂ ಒಂದೇ ಕಾಯಿದೆಯ ಕೆಳಗೆ, ಒಂದೇ ತೊಡಕಿನಲ್ಲಿ ಸಿಕ್ಕಿಕೊಂಡಿದ್ದೇವೆ. ಪಟ್ಟಣ ಬೆಳೆಯುವಾಗ ಅದರ ಅಂಚಿನ ಹಳ್ಳಿಯನ್ನು, ಆ ಹಳ್ಳಿಯ ಹೊಲ ತೋಟಗಳನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ ಎಂಬುದೇ ಆ ವಿಷಯ. ಮಲೆನಾಡಿನಲ್ಲಿ ಗುಡ್ಡವೂ ಮರವೂ ಮರೆಮಾಡುವುದರಿಂದ ಇದು ಬೇಗ ಕಣ್ಣಿಗೆ ಬೀಳುವುದಿಲ್ಲ. ಬಯಲಿನಲ್ಲಿ ಎಲ್ಲವೂ ನಿಚ್ಚಳವಾಗಿ ಕಾಣುತ್ತದೆ. ಅದಕ್ಕೇ ಅಲ್ಲಿಂದ ಆರಂಭಿಸುತ್ತೇವೆ.

2011ರ ಜನಗಣತಿಯಲ್ಲಿ ಆಳಂದ ಪಟ್ಟಣದ ಜನಸಂಖ್ಯೆ ಸುಮಾರು 42 ಸಾವಿರ, ಅಫಜಲಪುರದ್ದು ಸುಮಾರು 27 ಸಾವಿರ, ಜೇವರ್ಗಿಯದು 25 ಸಾವಿರಕ್ಕೆ ಸ್ವಲ್ಪ ಮೇಲೆ. ಮೂರು ಕಡೆಯೂ ಪುರಸಭೆ ಇದೆ. ಮೂರೂ ತಾಲ್ಲೂಕುಗಳನ್ನು ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿಗೆ ಸೇರಿಸಿತು. ಗಮನಿಸಬೇಕಾದ ಅಂಶವೆಂದರೆ, ಆ ಸಮಿತಿ ಹಿಂದುಳಿದಿರುವಿಕೆಯನ್ನು ಅಳೆದದ್ದು ಇಡೀ ತಾಲ್ಲೂಕನ್ನು ಒಂದು ಘಟಕವೆಂದು ಹಿಡಿದು. ಊರೂ ಹಳ್ಳಿಯೂ ಸೇರಿಯೇ ತಾಲ್ಲೂಕು. ಆದರೆ ಆ ತಾಲ್ಲೂಕನ್ನು ಒಂದು ಘಟಕವೆಂದು ಹಿಡಿದು ಯೋಜನೆ ಮಾಡುವ ಚುನಾಯಿತ ಸಭೆ ಯಾವುದು ಎಂದು ಹುಡುಕಿದರೆ ಸಿಕ್ಕುವುದಿಲ್ಲ. ತಾಲ್ಲೂಕು ಪಂಚಾಯತಿಯ ಅಧಿಕಾರ ಪುರಸಭೆಯ ಗಡಿಕಲ್ಲಿಗೆ ಬಂದು ನಿಲ್ಲುತ್ತದೆ. ಪುರಸಭೆಯದು ಅದೇ ಕಲ್ಲಿನ ಈಚೆಗೆ ಮುಗಿಯುತ್ತದೆ. ಕಲ್ಲಿನ ಎರಡೂ ಕಡೆ ಓಡಾಡುವವರು ತಹಸೀಲ್ದಾರರು, ಅವರಾದರೋ ಬರಗಾಲ, ನೆರೆ, ಚುನಾವಣೆ, ಪಹಣಿಗಳ ನಡುವೆ ಉಸಿರಾಡಲು ಬಿಡುವಿಲ್ಲದವರು.

ಆದರೆ ಬೆಳವಣಿಗೆ ಗಡಿಕಲ್ಲನ್ನು ಕೇಳಿಕೊಂಡು ಬರುವುದಿಲ್ಲ. ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವನ್ನೇ ತೆಗೆದುಕೊಳ್ಳೋಣ. 2009ರಲ್ಲಿ ಸ್ಥಾಪನೆಯಾದ ಈ ದೊಡ್ಡ ಸಂಸ್ಥೆ ಇಂದು ಇರುವುದು ಕಲಬುರಗಿ ನಗರದಲ್ಲೂ ಅಲ್ಲ, ಆಳಂದ ಪಟ್ಟಣದಲ್ಲೂ ಅಲ್ಲ. ಎರಡರ ನಡುವೆ, ಆಳಂದ ತಾಲ್ಲೂಕಿನ ಕಡಗಂಚಿಯ ಬಯಲಿನಲ್ಲಿ. ವಿಶ್ವವಿದ್ಯಾಲಯ ಬಂದ ಮೇಲೆ ರಸ್ತೆಯ ಬದಿಗೆ ಹೋಟೆಲು, ಬಾಡಿಗೆ ಕೋಣೆ, ಜೆರಾಕ್ಸ್ ಅಂಗಡಿ, ಅವುಗಳ ಹಿಂದೆ ‘ಎನ್.ಎ. ಪ್ಲಾಟು’ಗಳ ಬೋರ್ಡು ಬರುವುದು ಲೋಕರೂಢಿ. (ನಮ್ಮ ಕಡೆ ‘ಕನ್ವರ್ಷನ್ ಆದ ಸೈಟು’ ಎನ್ನುವುದನ್ನು ಅಲ್ಲಿ ‘ಎನ್.ಎ.’ ಎನ್ನುತ್ತಾರೆ, ಹೆಸರು ಬೇರೆ, ವ್ಯಾಪಾರ ಒಂದೇ.) ಇಂಥ ಬೆಳವಣಿಗೆಗೆ ನೀರು, ಚರಂಡಿ, ಕಸದ ವ್ಯವಸ್ಥೆ ಮಾಡಬೇಕಾದದ್ದು ಹೊಲಮನೆಗಳ ತೆರಿಗೆಯಿಂದ ನಡೆಯುವ ಗ್ರಾಮ ಪಂಚಾಯತಿ. ಬೆಳವಣಿಗೆಯ ಪ್ರಮಾಣ ಪಟ್ಟಣದ್ದು, ಬೊಕ್ಕಸ ಹಳ್ಳಿಯದು.

ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಮಾತೂ ಹಾಗೆಯೇ. ಭೀಮಾ ಅಮರ್ಜಾ ಸಂಗಮದ ದತ್ತ ಕ್ಷೇತ್ರಕ್ಕೆ ಮಹಾರಾಷ್ಟ್ರದಿಂದಲೂ ಯಾತ್ರಿಕರು ಬರುತ್ತಾರೆ. ಆ ಯಾತ್ರಿಕರ ದಟ್ಟಣೆ ಅಫಜಲಪುರ ಪುರಸಭೆಯ ಲೆಕ್ಕದಲ್ಲಿಲ್ಲ, ಏಕೆಂದರೆ ಕ್ಷೇತ್ರ ಅದರ ಗಡಿಯ ಹೊರಗಿದೆ. ಜೇವರ್ಗಿಗೆ ಬಂದರೆ ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುತ್ತವೆ. ವಿಜಯಪುರದಿಂದ ಕಲಬುರಗಿ ಕಡೆಗೆ ಹೋಗುವ 50ನೇ ನಂಬರಿನದು ಒಂದು, ಅಲ್ಲಿಂದಲೇ ಹೊರಟು ದಕ್ಷಿಣದ ಚಾಮರಾಜನಗರದವರೆಗೆ ಬರುವ 150-ಎ ಇನ್ನೊಂದು. ಇಂಥ ಕೂಡುರಸ್ತೆಯಲ್ಲಿ ಪಟ್ಟಣ ಹೆದ್ದಾರಿಯ ಗುಂಟ ಬಾಲದಂತೆ ಚಾಚಿಕೊಳ್ಳುತ್ತದೆ. ಎಲ್ಲಿಯವರೆಗೆ ಚಾಚಬೇಕು, ಯಾವ ತೊಗರಿ ಹೊಲ ಹೊಲವಾಗಿಯೇ ಉಳಿಯಬೇಕು ಎಂದು ಮೊದಲೇ ಕೂತು ಮಾತಾಡಿದವರು ಯಾರು? ಈ ನಡುವೆ 2018ರಲ್ಲಿ ಜೇವರ್ಗಿಯಿಂದ ಯಡ್ರಾಮಿ ಬೇರೆ ತಾಲ್ಲೂಕಾಯಿತು. ಹೊಸ ಕಚೇರಿ, ಹೊಸ ರಸ್ತೆ, ಹೊಸ ಬಡಾವಣೆಗಳ ಸರದಿ ಈಗ ಅಲ್ಲಿಯದು.

ನೀರಿನ ವಿಷಯ ಇನ್ನೂ ಬಿಗಿ. ಕಲಬುರಗಿ ನಗರ ಕುಡಿಯುವ ನೀರಿಗೆ ಬೆಣ್ಣೆತೊರೆಯನ್ನೂ ಭೀಮೆಯನ್ನೂ ನಂಬಿದೆ. ಭೀಮೆಯ ಮೇಲ್ಭಾಗದಲ್ಲಿ, ಅಫಜಲಪುರ ತಾಲ್ಲೂಕಿನ ಸೊನ್ನದ ಬಳಿ, ಏತ ನೀರಾವರಿಯ ಬ್ಯಾರೇಜು ಇದೆ. ಬೇಸಿಗೆ ಬಂತೆಂದರೆ ಅಲ್ಲಿ ನಿಂತ ನೀರು ದಂಡೆಯ ಪಂಪ್‌ಸೆಟ್ಟಿಗೋ, ಊರಿನ ನಲ್ಲಿಗೋ, ಕೆಳಗಿನ ನಗರಕ್ಕೋ ಎಂಬ ತಕರಾರು ಏಳುವುದು ಸಹಜ. ಮಳೆಗಾಲದಲ್ಲಿ ಅದೇ ನದಿ ಬೇರೆ ರೂಪ ತಾಳುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳು ನೀರಿನಲ್ಲಿ ನಿಂತವು. 2025ರ ಸೆಪ್ಟೆಂಬರಿನಲ್ಲಿ ಮತ್ತೆ ಅದೇ ಪಾಡು. ನೆರೆ ಬಂದಾಗ ಜಿಲ್ಲಾಡಳಿತ ಇಡೀ ನದಿಯನ್ನು ಒಂದಾಗಿ ನೋಡುತ್ತದೆ. ಇಳಿದ ಮೇಲೆ ಪುರಸಭೆಯ ನೀರು, ಪಂಚಾಯತಿಯ ನೀರು, ನೀರಾವರಿ ಇಲಾಖೆಯ ನೀರು ಎಂದು ಮತ್ತೆ ಪಾಲಾಗುತ್ತದೆ.

ಇದಕ್ಕೆಲ್ಲ ಕಾಯಿದೆಯಲ್ಲಿ ದಾರಿ ಇಲ್ಲವೇ ಎಂದರೆ, ಇದೆ. ಇದೆ ಎಂಬುದೇ ನಮ್ಮ ಸಂಕಟ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ 243 ಜೆಡ್‌ಡಿ ಎಂಬ ವಿಧಿಯನ್ನು ಸೇರಿಸಿತು. ಪ್ರತಿ ಜಿಲ್ಲೆಗೂ ಒಂದು ಜಿಲ್ಲಾ ಯೋಜನಾ ಸಮಿತಿ ಇರತಕ್ಕದ್ದು. ಪಂಚಾಯತಿಗಳ ಯೋಜನೆಯನ್ನೂ ಪುರಸಭೆಗಳ ಯೋಜನೆಯನ್ನೂ ಒಂದುಗೂಡಿಸಿ ಇಡೀ ಜಿಲ್ಲೆಗೆ ಒಂದು ಕರಡು ಯೋಜನೆ ತಯಾರಿಸತಕ್ಕದ್ದು. ಆ ಸಮಿತಿ ಏನನ್ನು ಗಮನಿಸಬೇಕೆಂದೂ ಅಲ್ಲಿಯೇ ಹೇಳಿದೆ: ಭೂಮಿಯ ಬಳಕೆ ಎಲ್ಲಿ ಹೇಗೆ, ನೀರು ಮತ್ತಿತರ ನೈಸರ್ಗಿಕ ಸಂಪತ್ತಿನ ಹಂಚಿಕೆ, ರಸ್ತೆ ಮುಂತಾದ ಸೌಕರ್ಯಗಳ ಒಟ್ಟು ಬೆಳವಣಿಗೆ, ಪರಿಸರ ರಕ್ಷಣೆ. ಕಡಗಂಚಿಯ ಬಯಲು, ಸೊನ್ನದ ನೀರು, ಜೇವರ್ಗಿಯ ಕೂಡುರಸ್ತೆ, ನಮ್ಮ ತೋಟದ ತಲೆಯ ಮೇಲಿನ ಕಸದ ಗುಡ್ಡೆ, ಎಲ್ಲವೂ ಈ ನಾಲ್ಕು ಮಾತಿನೊಳಗೆ ಬಂತು. ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾಯಿದೆಯ 310ನೇ ಪ್ರಕರಣದಲ್ಲೂ ಈ ಸಮಿತಿಗೆ ಸ್ಥಾನವಿದೆ.

ನಡೆಯುವುದು ಮಾತ್ರ ಬೇರೆ. ಜಿಲ್ಲಾ ಪಂಚಾಯತಿಯ ಕಾಮಗಾರಿ ಪಟ್ಟಿ ಒಂದು ಕಡತ, ಪುರಸಭೆಗಳ ಪಟ್ಟಿ ಇನ್ನೊಂದು ಕಡತ. ಎರಡನ್ನೂ ಒಂದು ದಾರದಲ್ಲಿ ಕಟ್ಟಿದರೆ ಅದಕ್ಕೆ ಜಿಲ್ಲಾ ಯೋಜನೆ ಎಂದು ಹೆಸರು. ಕಲಬುರಗಿ ಕಡೆಗಂತೂ ಸಂವಿಧಾನದ 371 ಜೆ ವಿಧಿಯಡಿ 2013ರಲ್ಲಿ ರಚನೆಯಾದ ಪ್ರದೇಶಾಭಿವೃದ್ಧಿ ಮಂಡಳಿಯ ಹಣವೂ ಬರುತ್ತದೆ. ಅದು ಬರಲಿ, ಇನ್ನೂ ಹೆಚ್ಚು ಬರಲಿ. ಹಿಂದುಳಿದ ಸೀಮೆಗೆ ಅದು ನ್ಯಾಯವಾದ ಪಾಲು. ಆದರೆ ಹಣದ ತೊರೆಗಳು ಹೆಚ್ಚಿದಷ್ಟೂ ಅವನ್ನು ಕೂಡಿಸುವ ಕಟ್ಟೆ ಗಟ್ಟಿಯಾಗಿರಬೇಕು. ಅದಿಲ್ಲದಿದ್ದರೆ ಇವತ್ತು ಹಾಕಿದ ರಸ್ತೆಯನ್ನು ನಾಳೆ ಇನ್ನೊಬ್ಬರು ಪೈಪಿಗಾಗಿ ಅಗೆಯುತ್ತಾರೆ.

ಇನ್ನು ನಮ್ಮ ಸದಸ್ಯರು ಕಿವಿಗೊಟ್ಟು ಕೇಳಬೇಕಾದ ಒಂದು ಲೆಕ್ಕ. ಈ ಸಮಿತಿಯ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯತಿ ಮತ್ತು ಪುರಸಭೆಗಳ ಚುನಾಯಿತ ಸದಸ್ಯರಿಂದಲೇ ಆಯ್ಕೆಯಾಗಬೇಕು. ಅದೂ ಜಿಲ್ಲೆಯ ಗ್ರಾಮೀಣ ಮತ್ತು ನಗರ ಜನಸಂಖ್ಯೆಯ ಪ್ರಮಾಣಕ್ಕೆ ಸರಿಯಾಗಿ. 2011ರ ಗಣತಿಯಂತೆ ಕಲಬುರಗಿ ಜಿಲ್ಲೆಯಲ್ಲಿ ನಗರವಾಸಿಗಳು ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು. ಚಿಕ್ಕಮಗಳೂರು ಜಿಲ್ಲೆಯಲ್ಲಿ ನೂರಕ್ಕೆ 21, ಕೊಡಗಿನಲ್ಲಿ ನೂರಕ್ಕೆ 15 ಮಾತ್ರ. ಅಂದರೆ ಪಟ್ಟಣದ ಅಂಚನ್ನು ನಿರ್ಧರಿಸುವ ಮೇಜಿನ ಸುತ್ತ ಹಳ್ಳಿಯವರದೇ ಬಹುಮತ. ಇಷ್ಟು ದೊಡ್ಡ ಪಾಲನ್ನು ಸಂವಿಧಾನ ನಮ್ಮ ಕೈಗೆ ಕೊಟ್ಟಿದೆ. ಆ ಕುರ್ಚಿಗಳು ಏನಾದವು? 2016ರಲ್ಲಿ ಚುನಾಯಿತವಾದ ಜಿಲ್ಲಾ, ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಆಡಳಿತಾಧಿಕಾರಿಗಳು ನಡೆಸಿಕೊಂಡು ಬಂದರು. ಚುನಾಯಿತ ಸದಸ್ಯರಿಲ್ಲದ ಜಿಲ್ಲಾ ಪಂಚಾಯತಿಯಿಂದ ಯೋಜನಾ ಸಮಿತಿಗೆ ಆರಿಸಿ ಹೋಗುವವರು ಯಾರು? 1987ರಲ್ಲಿ ಜಿಲ್ಲಾ ಪರಿಷತ್ತಿನ ಚುನಾವಣೆ ನಡೆಸಿ ದೇಶಕ್ಕೇ ದಾರಿ ತೋರಿಸಿದೆವೆಂದು ಅಬ್ದುಲ್ ನಜೀರ್ ಸಾಬರ ಹೆಸರು ಹೇಳಿ ಹೆಮ್ಮೆಪಡುವ ನಾಡು ಇದು. ನಾಚಿಕೆಯಾಗಬೇಕಾದ ಮಾತು.

ಮಲೆನಾಡಿನಲ್ಲಿ ಇದರ ಪರಿಣಾಮ ಹೇಗಿರುತ್ತದೆಂದು ನಾವೇ ಕಂಡಿದ್ದೇವೆ. ನಮ್ಮ ಸೀಮೆಯ ಒಂದು ಪಟ್ಟಣದವರು ಕಸ ಹಾಕಲು ಜಾಗ ಹುಡುಕಿದರು. ಪಟ್ಟಣದೊಳಗೆ ಸಿಗಲಿಲ್ಲ, ಪಕ್ಕದ ಪಂಚಾಯತಿಯ ಸರ್ಕಾರಿ ಜಾಗ ಸಿಕ್ಕಿತು. ನಕ್ಷೆಯಲ್ಲಿ ಅದು ಖಾಲಿ ಗುಡ್ಡ. ಅದರ ಬುಡದಲ್ಲಿ ಹುಟ್ಟುವ ಹಳ್ಳ ಕೆಳಗೆ ಏಳೆಂಟು ಸಣ್ಣ ಅಡಿಕೆ ತೋಟಗಳಿಗೆ ನೀರು ಕೊಡುತ್ತಿತ್ತೆಂಬುದು ನಕ್ಷೆಯಲ್ಲಿ ಇರಲಿಲ್ಲ. ಮೊದಲ ಮಳೆಗೆ ಕಪ್ಪು ನೀರು ಇಳಿಯಿತು. ಪುರಸಭೆಗೆ ಹೋದರೆ ‘ಜಾಗ ಪಂಚಾಯತಿಯದು’ ಎಂದರು. ಪಂಚಾಯತಿಗೆ ಹೋದರೆ ‘ಕಸ ಪುರಸಭೆಯದು’ ಎಂದರು. ಇಬ್ಬರ ಮಾತೂ ನಿಜವೇ.

ಗುಡ್ಡ ಕಡಿದು ಮನೆ ಕಟ್ಟುವುದು, ಗದ್ದೆ ತುಂಬಿ ಸೈಟು ಮಾಡುವುದು ಕೂಡ ಒಂದೊಂದೇ ಅರ್ಜಿಯಾಗಿ ನಡೆಯುತ್ತದೆ. ಭೂಕಂದಾಯ ಕಾಯಿದೆಯ 95ನೇ ಪ್ರಕರಣದಡಿ ಒಬ್ಬರದು ಅರ್ಧ ಎಕರೆ, ಇನ್ನೊಬ್ಬರದು ಹತ್ತು ಗುಂಟೆ. ಬಿಡಿಯಾಗಿ ನೋಡಿದರೆ ಯಾವ ಅರ್ಜಿಯೂ ತಪ್ಪಲ್ಲ. ಎಲ್ಲ ಕೂಡಿಸಿದರೆ ನೀರಿಂಗುವ ಕಣಿವೆಯೇ ಮುಚ್ಚಿಹೋಗಿರುತ್ತದೆ, ಆದರೆ ಕೂಡಿಸಿ ನೋಡುವುದು ಯಾರ ಕೆಲಸವೂ ಅಲ್ಲ. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತಿನ ಗುಡ್ಡಗಳು ಜಾರಿದ ಮೇಲೆ ಎಲ್ಲಿ ಕಟ್ಟಬಹುದು, ಎಲ್ಲಿ ಕಟ್ಟಬಾರದು ಎಂಬ ಚರ್ಚೆ ಜೋರಾಗಿ ನಡೆಯಿತು. ಮಳೆ ನಿಂತ ಹಾಗೆ ಚರ್ಚೆಯ ಸದ್ದೂ ಇಳಿಯಿತು.

ಹೊರದೇಶದ ಒಂದು ಉದಾಹರಣೆ ಹೇಳಬಹುದು. ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯ ಸೇಬಿನ ತೋಟಗಳಿಗೆ ಹೆಸರಾದದ್ದು. ಅಲ್ಲಿ 1990ರಲ್ಲಿ ಬೆಳವಣಿಗೆಯ ನಿರ್ವಹಣೆಗೆಂದೇ ಒಂದು ಕಾಯಿದೆ ಮಾಡಿದರು. ಅಲ್ಲಿಯ ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು. ಮುಂದಿನ 20 ವರ್ಷಕ್ಕೆ ಜನ ಎಷ್ಟು ಹೆಚ್ಚಬಹುದೆಂಬ ಅಂದಾಜನ್ನು ರಾಜ್ಯ ಕೊಡುತ್ತದೆ. ಕೌಂಟಿಯೂ ಅದರೊಳಗಿನ ಪಟ್ಟಣಗಳೂ ಸಮಾಲೋಚನೆ ನಡೆಸಿ ಆ ಸಂಖ್ಯೆಯನ್ನು ಹಂಚಿಕೊಂಡು, ಪಟ್ಟಣ ಇಲ್ಲಿಯವರೆಗೆ ಬೆಳೆಯಬಹುದು ಎಂದು ಗೆರೆ ಎಳೆಯಬೇಕು. ಗೆರೆಯ ಆಚೆ ಪಟ್ಟಣದ ಮಾದರಿಯ ಬೆಳವಣಿಗೆಗೆ ಅವಕಾಶವಿಲ್ಲ. ಅಲ್ಲಿ ಎಲ್ಲವೂ ಸುಸೂತ್ರವೆಂದು ನಾವು ಹೇಳುತ್ತಿಲ್ಲ. ಈ ಗೆರೆಗಳ ಜಗಳ ಕೇಳುವುದಕ್ಕೇ ಒಂದು ಮಂಡಳಿ ಇಟ್ಟಿದ್ದಾರೆ. ಆದರೆ ಜಗಳವಾಡಲು ಒಂದು ಗೆರೆಯಾದರೂ ಇದೆಯಲ್ಲ. ನಮ್ಮಲ್ಲಿ ಒಂದೇ ಸಂಖ್ಯೆಯ ಮೇಲೆ ಎಲ್ಲರೂ ಕೂರುವುದೂ ಕಷ್ಟವಾಗಿದೆ. 2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದಕ್ಕೆ ಹೋಗಿ, ಇಂದಿನ ಯೋಜನೆಗೂ 2011ರ ಅಂಕಿಗಳೇ ಆಧಾರವಾದವು.

ಈ ಮಾತಿಗೆ ನಮ್ಮವರಿಂದಲೇ ಆಕ್ಷೇಪ ಬರುವುದು ಗೊತ್ತಿದೆ. ‘ಕಾಫಿಗೆ ಬೆಲೆ ಬಿದ್ದಾಗ, ಅಡಿಕೆಗೆ ಕೊಳೆ ಬಂದಾಗ ನಮ್ಮನ್ನು ಕಾಯುವುದು ರಸ್ತೆ ಬದಿಯ ಆ ಅರ್ಧ ಎಕರೆ ಒಂದೇ. ಅದಕ್ಕೂ ಗೆರೆ ಎಳೆದು ಬೆಲೆ ಇಳಿಸುತ್ತೀರಾ?’ ಇದನ್ನು ತಳ್ಳಿಹಾಕುವಂತಿಲ್ಲ. ಸಾಲ ತೀರಿಸಲು, ಮಗಳ ಮದುವೆಗೆ, ಆಸ್ಪತ್ರೆಯ ಖರ್ಚಿಗೆ ತುಂಡು ಜಮೀನು ಮಾರಿದವರು ನಮ್ಮೊಳಗೆ ಎಷ್ಟಿಲ್ಲ? ಆಳಂದದ ತೊಗರಿ ರೈತನ ಮನಸ್ಸೂ ಇದಕ್ಕಿಂತ ಬೇರೆಯಾಗಿರಲಾರದು. ನಮ್ಮ ಉತ್ತರ ಇಷ್ಟು. ಯೋಜನೆ ಇಲ್ಲದಾಗಲೂ ಗೆರೆ ಇದ್ದೇ ಇರುತ್ತದೆ, ಎಳೆಯುವವರು ಬೇರೆ. ಹೆದ್ದಾರಿ ಎಲ್ಲಿ ಹಾಯುತ್ತದೆಂದು ಮೊದಲೇ ತಿಳಿದವನು ನಮ್ಮಿಂದ ಎಕರೆ ಲೆಕ್ಕದಲ್ಲಿ ಕೊಂಡು ಅಡಿ ಲೆಕ್ಕದಲ್ಲಿ ಮಾರುತ್ತಾನೆ. ನಕ್ಷೆ ಎಲ್ಲರ ಮುಂದೆ ಬಿಚ್ಚಿದ್ದರೆ ಅರ್ಧ ಎಕರೆಯ ನಿಜವಾದ ಬೆಲೆ ಅದರ ಒಡೆಯನಿಗೂ ತಿಳಿಯುತ್ತದೆ. ಗೆರೆಯಿಂದ ನಷ್ಟವಾಗುವವರಿಗೆ ಏನು ಪರಿಹಾರ ಎಂಬುದು ಅದೇ ಸಭೆಯಲ್ಲಿ ತೀರ್ಮಾನವಾಗಬೇಕು, ಅದನ್ನು ಬಿಟ್ಟು ಗೆರೆ ಮಾತ್ರ ಎಳೆದರೆ ನಾವೇ ವಿರೋಧಿಸುತ್ತೇವೆ.

ಮೊದಲು ಜಿಲ್ಲಾ, ತಾಲ್ಲೂಕು ಪಂಚಾಯತಿಗಳು ಚುನಾಯಿತ ಸದಸ್ಯರಿಲ್ಲದೆ ಮತ್ತೆಂದೂ ಹೀಗೆ ಬರಿದಾಗಿ ಕೂರಬಾರದು, ಅವಧಿ ಮುಗಿಯುವ ಮುಂಚೆಯೇ ಚುನಾವಣೆಯಾಗಬೇಕು. ಯಾವ ಪಟ್ಟಣದ ಮಹಾಯೋಜನೆಯಾದರೂ ಮಂಜೂರಾಗುವ ಮುಂಚೆ ಜಿಲ್ಲಾ ಯೋಜನಾ ಸಮಿತಿಯಲ್ಲಿ ಸುತ್ತಲಿನ ಪಂಚಾಯತಿಗಳ ಸಮ್ಮುಖ ಚರ್ಚೆಯಾಗಬೇಕು. ಹಳ್ಳದ ಮೂಲ, ಕೆರೆ, ಕಸದ ಜಾಗ, ಕುಡಿಯುವ ನೀರಿನ ತಾಣ ಒಂದೇ ನಕ್ಷೆಯಲ್ಲಿ ಕಾಣಬೇಕು. ಪಟ್ಟಣ ಹಳ್ಳಿಯ ನೀರನ್ನೋ ಜಾಗವನ್ನೋ ಬಳಸಿದರೆ ತೆರಿಗೆಯಲ್ಲಿ ಹಳ್ಳಿಗೂ ಪಾಲು ಬರಬೇಕು. ಈ ಒತ್ತಾಯವನ್ನು ನಮ್ಮ ಸಂಘ ಒಂದೇ ಮಾಡಿದರೆ ಸಾಲದು. ಕಲಬುರಗಿಯ ತೊಗರಿ ಬೆಳೆಗಾರರೊಡನೆ ಸೇರಿ ಮಾಡಿದರೆ ಬೆಂಗಳೂರಿಗೆ ಕೇಳಿಸೀತು.

ಅಷ್ಟರೊಳಗೆ ಸದಸ್ಯರು ಮಾಡಬಹುದಾದ ಒಂದು ಕೆಲಸವಿದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ಮಹಾಯೋಜನೆಯ ಕರಡು ಪ್ರಕಟವಾದ ಮೇಲೆ ಸಾರ್ವಜನಿಕರ ಆಕ್ಷೇಪಣೆಗೆ 60 ದಿನ ಕಾಲಾವಕಾಶವಿರುತ್ತದೆ. ನಮ್ಮವರಿಗೆ ಸುದ್ದಿ ಮುಟ್ಟುವುದು ಸಾಮಾನ್ಯವಾಗಿ 61ನೇ ದಿನ. ನಿಮ್ಮ ಸರ್ವೆ ನಂಬರು ಹತ್ತಿರದ ಪಟ್ಟಣದ ಯೋಜನಾ ಪ್ರದೇಶದ ಒಳಗಿದೆಯೇ, ಇದ್ದರೆ ಯಾವ ಬಣ್ಣದಲ್ಲಿದೆ ಎಂದು ಹೋಗಿ ನೋಡಿ, ಸಂಘದ ಕಚೇರಿಗೆ ಒಂದು ಕಾರ್ಡು ಬರೆದು ತಿಳಿಸಿರಿ. ನಕ್ಷೆ ಓದಲು ಬಾರದೆಂಬ ಸಂಕೋಚ ಬೇಡ. ಮೊದಲ ಸಲ ನಾವೂ ಅದನ್ನು ತಲೆಕೆಳಗಾಗಿಯೇ ಹಿಡಿದಿದ್ದೆವು.