ಮಣ್ಣು ಮರೆಯದು

ಉತ್ತರದಲ್ಲಿ ಭೀಮೆ, ದಕ್ಷಿಣದಲ್ಲಿ ಕೃಷ್ಣೆ. ಇವುಗಳ ನಡುವಣ ವಿಜಯಪುರ ಜಿಲ್ಲೆಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಹೊಲಗಳು ಹರಡಿಕೊಂಡಿವೆ. ಮಳೆಯ ನೀರನ್ನು ಒಡಲಲ್ಲಿಟ್ಟುಕೊಂಡು, ಹಿಂಗಾರಿಯಲ್ಲಿ ಬಿತ್ತಿದ ಬಿಳಿಜೋಳಕ್ಕೆ ತಿಂಗಳುಗಟ್ಟಲೆ ಉಣಿಸುವ ಗುಣ ಈ ಕಪ್ಪು ಮಣ್ಣಿಗಿದೆ. ಹಿಡಿದಿಟ್ಟುಕೊಳ್ಳುವುದೇ ಅದರ ಹಿರಿಮೆ. ಆದರೆ ನೀರನ್ನು ಹಿಡಿದಿಡುವ ಮಣ್ಣು ವಿಷವನ್ನೂ ಹಿಡಿದಿಡುತ್ತದೆ ಎಂಬುದನ್ನು ಮರೆಯಲಾಗದು.

ಸೀಸ, ಕ್ಯಾಡ್ಮಿಯಂ, ನಿಕ್ಕಲ್, ತಾಮ್ರ, ಸತು ಮೊದಲಾದವುಗಳಿಗೆ ಭಾರಲೋಹಗಳೆಂದು ಹೆಸರು. ಕಾರ್ಖಾನೆಯ ಕೊಳಕು ನೀರು, ಕಲ್ಲಿದ್ದಲಿನ ಬೂದಿ, ಬಿಸಾಡಿದ ಬ್ಯಾಟರಿ, ಪಟ್ಟಣದ ಕಸ ಇವುಗಳ ಮೂಲಕ ಅವು ಹೊಲವನ್ನು ಸೇರುತ್ತವೆ. ಕೆಲವು ರಂಜಕ ಗೊಬ್ಬರಗಳಲ್ಲಿಯೂ ಕ್ಯಾಡ್ಮಿಯಂ ಅಲ್ಪ ಪ್ರಮಾಣದಲ್ಲಿರುತ್ತದೆ. ಎಲೆ ಕೊಳೆತು ಗೊಬ್ಬರವಾಗುತ್ತದೆ, ಲೋಹ ಕೊಳೆಯುವುದಿಲ್ಲ. ಸವಳು ನೆಲದ ಉಪ್ಪನ್ನು ಬಸಿಗಾಲುವೆ ತೋಡಿ ತೊಳೆಯಬಹುದು. ಸೀಸವನ್ನು ಹಾಗೆ ತೊಳೆಯಲಾಗದು.

ಕ್ಯಾಡ್ಮಿಯಂ ಮಿತಿಮೀರಿದ ನೆಲದಲ್ಲಿ ಬೀಜ ತಡವಾಗಿ ಮೊಳೆಯುತ್ತದೆ. ಬೇರಿನ ತುದಿ ಕಂದುಗಟ್ಟಿ ಮೊಟಕಾಗುತ್ತದೆ. ಬೇರು ಕುಗ್ಗಿದ ಮೇಲೆ ಪೈರಿಗೆ ನೀರೂ ಆಹಾರವೂ ಸಾಲವು, ಎಲೆಯ ಪತ್ರಹರಿತ್ತು ಕಡಿಮೆಯಾಗಿ ಹಳದಿ ಬಣ್ಣ ತಲೆದೋರುತ್ತದೆ, ತೆನೆ ಸೊರಗುತ್ತದೆ. ಇದಕ್ಕಿಂತ ಭಯಂಕರವಾದುದು ಇನ್ನೊಂದಿದೆ. ಪೈರು ಹಸುರಾಗಿ ನಿಂತಿದ್ದರೂ ಕಾಳಿನಲ್ಲಿ ವಿಷವಿರಬಹುದು. ಜಪಾನಿನ ಜಿಂಜೂ ನದೀಪ್ರದೇಶದಲ್ಲಿ ಗಣಿಯಿಂದ ಹರಿದ ಕ್ಯಾಡ್ಮಿಯಂ ಭತ್ತದ ಗದ್ದೆಗಳನ್ನು ಸೇರಿ, ಅನ್ನದ ಮೂಲಕ ಜನರ ಮೂಳೆಗಳನ್ನು ದುರ್ಬಲಗೊಳಿಸಿತು. ನೋವು ತಾಳಲಾರದವರ ಚೀತ್ಕಾರವೇ ‘ಇತಾಯ್ ಇತಾಯ್’ ಎಂದು ಆ ರೋಗದ ಹೆಸರಾಯಿತು. 1968ರಲ್ಲಿ ಅಲ್ಲಿನ ಸರಕಾರ ಅದನ್ನು ಮಾಲಿನ್ಯದಿಂದಾದ ರೋಗವೆಂದು ಒಪ್ಪಿಕೊಂಡಿತು. ಕೆಟ್ಟ ಗದ್ದೆಗಳನ್ನು ಸರಿಪಡಿಸುವ ಕೆಲಸ ಮುಗಿದುದು 2012ರಲ್ಲಿ!

ಎರೆಮಣ್ಣು ಕ್ಷಾರಗುಣದ್ದು. ಅದರ ಜೇಡಿಕಣಗಳು ಲೋಹಗಳನ್ನು ಬಿಗಿಯಾಗಿ ಹಿಡಿಯುವುದರಿಂದ ಬೆಳೆ ಅವನ್ನು ಸುಲಭವಾಗಿ ಹೀರಲಾರದು. ಇದು ಆ ನೆಲದ ಭಾಗ್ಯ. ಆದರೆ ಈ ಭಾಗ್ಯವನ್ನೇ ನೆಚ್ಚಿ ಕೂಡುವುದು ವಿವೇಕವಲ್ಲ. ಸೇರಿದ ಲೋಹ ಅಲ್ಲಿಯೇ ಉಳಿಯುತ್ತದೆ. ಇಂಥ ಮಣ್ಣಿನಲ್ಲಿ ಸತು ಸಾಲದೆ ಬೆಳೆ ಸೊರಗುವುದೂ ಉಂಟು. ಆಗ ಸತುವೇ ಮದ್ದು. ದ್ರಾಕ್ಷಿಯ ಬೂಜುರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಮದ್ದು. ಆದರೆ ಆ ದ್ರಾವಣವನ್ನು ವರ್ಷವರ್ಷವೂ ಸಿಂಪಡಿಸಿದ ಫ್ರಾನ್ಸಿನ ಹಳೆಯ ತೋಟಗಳ ಮಣ್ಣಿನಲ್ಲಿ ತಾಮ್ರ ಕೂಡಿಬಿದ್ದಿದೆ. ಅತಿಯಾದರೆ ಅಮೃತವೂ ವಿಷವೆಂಬ ಮಾತು ಹೊಲಕ್ಕೂ ಸಲ್ಲುತ್ತದೆ.

ಮಿತಿ ಯಾವುದೆಂದು ಕಣ್ಣಿಗೆ ಕಾಣದು. ಮಣ್ಣಿನ ಪರೀಕ್ಷೆಯೇ ತಿಳಿಸಬೇಕು. 2015ರಲ್ಲಿ ಆರಂಭವಾದ ಮಣ್ಣಿನ ಆರೋಗ್ಯ ಚೀಟಿ 12 ಅಂಶಗಳನ್ನು ತೋರಿಸುತ್ತದೆ. ಸತು, ತಾಮ್ರಗಳು ಅದರಲ್ಲಿವೆ, ಸೀಸ, ಕ್ಯಾಡ್ಮಿಯಂಗಳಿಲ್ಲ. ಕಾರ್ಖಾನೆ, ಬೂದಿಯ ರಾಶಿ, ಕಸದ ತಿಪ್ಪೆಗಳ ಸಮೀಪದ ಹೊಲಗಳಲ್ಲಾದರೂ ಇವುಗಳ ಪರೀಕ್ಷೆ ಕಡ್ಡಾಯವಾಗಬೇಕು. ಖರ್ಚು ಹೆಚ್ಚೆಂದು ವಾದಿಸುವವರು ಇರಬಹುದು. ಕೆಟ್ಟ ಮಣ್ಣನ್ನು ದಶಕಗಟ್ಟಲೆ ಸರಿಪಡಿಸುವ ಖರ್ಚಿನ ಮುಂದೆ ಅದು ಎಷ್ಟರದು?

ಎಳ್ಳಮಾವಾಸ್ಯೆಯಂದು ಈ ನಾಡಿನ ರೈತನು ಜೋಳದ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾನೆ. ತಾನು ಉಣ್ಣುವ ಮೊದಲು ಭೂತಾಯಿಗೆ ಉಣಿಸುತ್ತಾನೆ. ಒಂದು ದಿನ ಎಡೆ ಹಿಡಿದ ಮಣ್ಣಿಗೆ ಉಳಿದ ದಿನಗಳಲ್ಲಿ ವಿಷ ಸುರಿಯುವುದು ಯಾವ ಧರ್ಮ? ಬಳಸಿ ಬಿಟ್ಟ ಬ್ಯಾಟರಿಯೊಂದನ್ನು ಹೊಲದ ತಿಪ್ಪೆಗೆ ಎಸೆಯದಿರುವ ಬಾಲಕನೂ ಆ ತಾಯಿಗೆ ಚರಗ ಚೆಲ್ಲಿದಂತೆಯೇ ಸರಿ.