ಹಿಮಕರಡಿ ಪಾಠ ಆಯ್ತು, ಹಲಸೂರು ಕೆರೆ ಪಾಠ ಯಾವಾಗ?

ಬೆಂಗಳೂರು: ಹವಾಮಾನ ಬದಲಾವಣೆ ಅಂದ ಕೂಡಲೇ ಶಾಲೆಯ ಚಾರ್ಟ್‌ನಲ್ಲಿ ಕಾಣೋದು ಕರಗುತ್ತಿರುವ ಮಂಜುಗಡ್ಡೆ ಮೇಲೆ ನಿಂತ ಒಂಟಿ ಹಿಮಕರಡಿ. ಶಿವಾಜಿನಗರ, ಹಲಸೂರು, ಕೆ.ಆರ್.ಪುರದ ಮಕ್ಕಳು ಆ ಕರಡಿಯನ್ನು ಕಂಡಿರೋದು ಚಿತ್ರದಲ್ಲಿ, ಮೊಬೈಲ್‌ನಲ್ಲಿ. ಬತ್ತಿದ ಬೋರ್‌ವೆಲ್, ರಸ್ತೆಯಲ್ಲಿ ಮೊಣಕಾಲುದ್ದ ನೀರು, ಮಳೆಗೆ ಸಿಕ್ಕ ರಜೆ ಇವೆಲ್ಲ ಅವರ ಕಣ್ಣೆದುರೇ ನಡೆದಿವೆ. ಪಾಠದಲ್ಲಿ ಇವಕ್ಕೆ ಜಾಗ ಸಿಗುತ್ತಿದೆಯೇ ಅನ್ನೋದು ಪ್ರಶ್ನೆ.

ಕರಡಿ ಪಾಠ ತಪ್ಪಲ್ಲ

ಹಿಮಕರಡಿ ಸಮುದ್ರದ ಮಂಜುಗಡ್ಡೆ ಮೇಲೆ ಕಾದು ಕೂತು ಸೀಲ್‌ಗಳನ್ನು ಬೇಟೆಯಾಡುತ್ತೆ. ಮಂಜು ತಡವಾಗಿ ಕಟ್ಟಿ ಬೇಗ ಕರಗಿದರೆ ಬೇಟೆಯ ದಿನಗಳು ಕಡಿಮೆಯಾಗಿ, ಮೈಯಲ್ಲಿ ಕೊಬ್ಬು ಉಳಿಯೋದಿಲ್ಲ. ಜಗತ್ತಿನಲ್ಲಿ ಸುಮಾರು 26,000 ಹಿಮಕರಡಿಗಳಿವೆ ಎಂಬ ಅಂದಾಜಿದೆ. ಐದನೇ ಕ್ಲಾಸಿನ ಮಗುವಿಗೂ ಇದು ಸುಲಭವಾಗಿ ಅರ್ಥವಾಗುತ್ತೆ. ಆದರೆ ‘ಪಾಪ ಕರಡಿ’ ಎಂಬಲ್ಲಿಗೆ ಪಾಠ ಮುಗಿದರೆ, ಬಿಸಿಯಾಗುತ್ತಿರೋದು ಬೇರೆ ಯಾರದೋ ಊರು ಅಂತ ಮಕ್ಕಳು ಅಂದುಕೊಳ್ಳುತ್ತಾರೆ.

ನಮ್ಮೂರಿನ ಲೆಕ್ಕಕ್ಕೆ 2024ರ ಒಂದೇ ವರ್ಷ ಸಾಕು. ಮಾರ್ಚ್‌ನಲ್ಲಿ ನಗರದ ಸುಮಾರು 14 ಸಾವಿರ ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಹತ್ತಿರಹತ್ತಿರ 7 ಸಾವಿರ ಬತ್ತಿವೆ ಎಂದು ಸರ್ಕಾರವೇ ಹೇಳಿತು. ಏಪ್ರಿಲ್‌ನಲ್ಲಿ ಒಂದು ಹನಿ ಮಳೆಯಿಲ್ಲ; 1983ರ ನಂತರ ಹಾಗಾಗಿದ್ದು ಅದೇ ಮೊದಲು. ಏಪ್ರಿಲ್ 28ರಂದು ಬಿಸಿಲು 38.5 ಡಿಗ್ರಿ. ಜೂನ್ 2ರಂದು ಒಂದೇ ದಿನ 111.1 ಮಿ.ಮೀ. ಮಳೆ ಸುರಿದು 1891ರ ಜೂನ್ ದಾಖಲೆ ಮುರಿಯಿತು. ಅಕ್ಟೋಬರ್ 16ರಂದು ಮಳೆಗಾಗಿ ಶಾಲೆಗಳಿಗೆ ರಜೆ ಕೊಡಬೇಕಾಯಿತು.

ಎಲ್ಲಕ್ಕೂ ಹವಾಮಾನವೇ ಕಾರಣವೇ?

ಇಲ್ಲೊಂದು ಎಚ್ಚರಿಕೆ ಬೇಕು. 2017ರಲ್ಲಿ ಎಲುಬು ಚರ್ಮವಾಗಿದ್ದ ಹಿಮಕರಡಿಯ ವಿಡಿಯೊವನ್ನು ಹವಾಮಾನ ಬದಲಾವಣೆಯ ಮುಖ ಎಂಬಂತೆ ಪ್ರಕಟಿಸಿದ್ದ ನ್ಯಾಷನಲ್ ಜಿಯಾಗ್ರಫಿಕ್, ಮರುವರ್ಷ ತಾನು ಅತಿಯಾಗಿ ಹೇಳಿದ್ದಾಗಿ ಒಪ್ಪಿಕೊಂಡಿತು. ಆ ಒಂದು ಕರಡಿ ಕಾಯಿಲೆಯಿಂದಲೂ ಸೊರಗಿರಬಹುದಿತ್ತು.

ಕೆ.ಆರ್.ಪುರ ಕ್ಷೇತ್ರದ ಸಾಯಿ ಲೇಔಟ್‌ಗೂ ಇದೇ ಮಾತು ಅನ್ವಯಿಸುತ್ತೆ. 2025ರ ಮೇ ಮಳೆಗೆ ಅಲ್ಲಿ ಮತ್ತೆ ಮನೆಗಳಿಗೆ ನೀರು ನುಗ್ಗಿತು. ಜೋರು ಮಳೆ ಬಂದಿದ್ದು ನಿಜ. ಆದರೆ ಬಡಾವಣೆ ಇರೋದು ತಗ್ಗಿನಲ್ಲಿ. ರೈಲ್ವೆ ಹಳಿ ಕೆಳಗಿನ ಕಿಂಡಿ ಅಷ್ಟು ನೀರು ಹೊರಹೋಗುವಷ್ಟು ಅಗಲವಿಲ್ಲ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ರಾಶಿರಾಶಿ ಮೀನು ಸತ್ತು ತೇಲಿದಾಗಲೂ ಮೊದಲ ಅನುಮಾನ ಬಿದ್ದದ್ದು ಕೆರೆಗೆ ಸೇರುವ ಕೊಳಚೆ ಮೇಲೆ. ಕೊಳಚೆ ನೀರಿನ ಆಮ್ಲಜನಕವನ್ನು ಹೀರುತ್ತೆ. ನೀರು ಬಿಸಿಯಾದರೆ ಅದರಲ್ಲಿ ಕರಗುವ ಆಮ್ಲಜನಕವೂ ಕಮ್ಮಿ. ಬಿಸಿಲು, ಕೊಳಚೆ ಎರಡೂ ಕೂಡಿದರೆ ಏನಾಗುತ್ತೆ ಅಂತ ವಿಜ್ಞಾನದ ಪಿರಿಯಡ್‌ನಲ್ಲೇ ಹೇಳಬಹುದು.

ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಿದರೆ ರಾಜಕಾಲುವೆ ಮುಚ್ಚಿದವರು ಪಾರಾಗುತ್ತಾರೆ. ಬರೀ ರಾಜಕಾಲುವೆ ಅಂದರೆ ಬದಲಾಗುತ್ತಿರುವ ಮಳೆಯ ರೀತಿ ಮರೆತುಹೋಗುತ್ತೆ. ಮಕ್ಕಳು ಎರಡನ್ನೂ ಬೇರ್ಪಡಿಸಿ ನೋಡೋದನ್ನು ಕಲಿಯಬೇಕು.

ಖರ್ಚೇನೂ ಹೆಚ್ಚಿಲ್ಲ

ಪರಿಸರ ಶಿಕ್ಷಣ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2003ರಲ್ಲೇ ಆದೇಶಿಸಿದೆ. ಶಾಲೆಗಳಲ್ಲಿ ಇಕೋ ಕ್ಲಬ್‌ಗಳಿವೆ. ಆಗಿನ ಬಿಬಿಎಂಪಿ 2023ರ ನವೆಂಬರ್‌ನಲ್ಲಿ ನಗರದ ಹವಾಮಾನ ಕ್ರಿಯಾ ಯೋಜನೆ ಬಿಡುಗಡೆ ಮಾಡಿತ್ತು. ಬೇಕಿರೋದು ಒಂದು ಥರ್ಮಾಮೀಟರ್, ಮೇಲಿಂದ ಕೆಳಗೆ ಒಂದೇ ಅಗಲದ ಡಬ್ಬಿ, ಒಂದು ಸ್ಕೇಲ್. ಮಧ್ಯಾಹ್ನ ಶಿವಾಜಿನಗರದ ಮಾರುಕಟ್ಟೆ ಬೀದಿಯಲ್ಲಿ ಎಷ್ಟು ಡಿಗ್ರಿ, ಇಂದಿರಾನಗರದ ಮರದ ನೆರಳಲ್ಲಿ ಎಷ್ಟು? ಶಾಲೆ ಅಂಗಳದಲ್ಲಿ ಬಿದ್ದ ಮಳೆ ಎಷ್ಟು, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೇಳಿದ್ದೆಷ್ಟು? ಮಕ್ಕಳೇ ಬರೆದಿಡಲಿ.

2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. ಶಿವಾಜಿನಗರ ಕೇಂದ್ರ ಪಾಲಿಕೆಗೆ, ಕೆ.ಆರ್.ಪುರ ಪೂರ್ವ ಪಾಲಿಕೆಗೆ ಸೇರಿದೆ. ಹಳೇ ಹವಾಮಾನ ಯೋಜನೆಯನ್ನು ಯಾರು ಎಷ್ಟರಮಟ್ಟಿಗೆ ಮುಂದುವರಿಸುತ್ತಾರೆ ಎಂದು ಕೇಳುವ ಹಕ್ಕು ಪೋಷಕರಿಗಿದೆ. ನಾಲ್ಕು ಮಳೆಗಾಲದ ಲೆಕ್ಕ ಬರೆದಿಟ್ಟ ಮಕ್ಕಳು ಕೈಯಲ್ಲಿ ಪುಸ್ತಕ ಹಿಡಿದು ಅದೇ ಪ್ರಶ್ನೆ ಕೇಳಿದರೆ, ಉತ್ತರ ಕೊಡದೆ ಕಳಿಸೋದು ಅಧಿಕಾರಿಗಳಿಗೂ ಕಷ್ಟ.