ಅಭಯಾರಣ್ಯದಲ್ಲಿ ಏನೂ ಕಾಣಲಿಲ್ಲವೆ?

ನಮ್ಮ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವರಲ್ಲಿ ಬಂಡೀಪುರ, ನಾಗರಹೊಳೆಗಳನ್ನು ನೋಡಿಬಂದವರು ಅನೇಕರಿದ್ದಾರೆ. ಹಿತ್ತಿಲಿನಂತೆ ಹತ್ತಿರವಿರುವ ಭದ್ರಾ ಅಭಯಾರಣ್ಯದ ಮುತ್ತೋಡಿಯನ್ನು ನೋಡಿದವರು ಮಾತ್ರ ವಿರಳ. ಹೋಗಿ ಬಂದವರನ್ನು ವಿಚಾರಿಸಿದರೆ, "ಅಲ್ಲಿ ಏನೂ ಕಾಣುವುದಿಲ್ಲ ಮಾರಾಯ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಏನೂ ಎಂದರೆ ಹುಲಿ ಎಂದರ್ಥ. ಹುಲಿ ಕಾಣದ ಕಾಡು ಇವರ ಪಾಲಿಗೆ ನಾಟಕವಿಲ್ಲದ ರಂಗಮಂದಿರ. ಈ ಅಭಿಪ್ರಾಯವನ್ನು ನಾನು ಒಪ್ಪಲಾರೆ. ಒಪ್ಪದಿರುವುದಕ್ಕೆ ನನ್ನ ಕಾರಣ ಮಾತ್ರ ಸ್ವಲ್ಪ ಬೇರೆಯದು.

ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿಗಳ ಬೆಟ್ಟಸಾಲು ಬಳಸಿ ನಿಂತಿರುವ ಈ ತಗ್ಗಿಗೆ ಜಾಗರ ಕಣಿವೆಯೆಂದು ಹೆಸರು. ಸೋಮವಾಹಿನಿ ಇದರ ನಡುವೆ ಹರಿದು ಭದ್ರೆಯನ್ನು ಸೇರುತ್ತದೆ. 1951ರಲ್ಲಿ ಅಂದಿನ ಮೈಸೂರು ಸರ್ಕಾರ ಇದನ್ನು ವನ್ಯಧಾಮವೆಂದು ಸಾರಿತು. 1974ರಲ್ಲಿ ಲಕ್ಕವಳ್ಳಿಯ ಕಾಡುಗಳನ್ನೂ ಸೇರಿಸಿ ಭದ್ರಾ ಅಭಯಾರಣ್ಯವೆಂದು ಹೆಸರಿಟ್ಟರು. 1998ರಲ್ಲಿ ಹುಲಿ ಯೋಜನೆಗೆ ಸೇರಿತು. ವಿಸ್ತೀರ್ಣ ಸುಮಾರು 492 ಚದರ ಕಿಲೋಮೀಟರು. ಇಷ್ಟು ಸಂಗತಿ ಯಾವ ಕೈಪಿಡಿಯಲ್ಲಿಯೂ ದೊರೆಯುವುದು. ದೊರೆಯದೆ ಇರುವುದು ಒಂದೇ: ಈ ಕಾಡಿನೊಳಗೆ ಊರುಗಳಿದ್ದವು. ಹೆಬ್ಬೆ, ಕೇಸವೆ, ಮಾಡ್ಲ, ಹಿಪ್ಲ ಮೊದಲಾದ ಊರುಗಳು. ನಾನೂರಕ್ಕೂ ಹೆಚ್ಚು ಮನೆಗಳು. ಅವುಗಳಲ್ಲಿ ಒಂದು ನಮ್ಮದು.

ಕಳೆದ ದಸರಾ ರಜೆಯಲ್ಲಿ ಅಜ್ಜಿ, ಅಪ್ಪ, ಅಮ್ಮ, ನಾನು ನಾಲ್ವರೂ ಚೀಟಿ ಪಡೆದು, ಇಲಾಖೆಯ ಜೀಪಿನಲ್ಲಿ ಕುಳಿತು, ನಮ್ಮ ಊರನ್ನು ನೋಡಲು ಪ್ರವಾಸಿಗಳಾಗಿ ಹೋದೆವು. ಜೊತೆಯಲ್ಲಿ ಬೆಂಗಳೂರಿನ ಒಂದು ಸಂಸಾರವಿತ್ತು. ಅವರ ಹುಡುಗ ಕ್ಯಾಮೆರಾ ಹಿಡಿದು ಹುಲಿಗಾಗಿ ಕಾಯುತ್ತಿದ್ದ. ಕಾಟಿಗಳ ಒಂದು ಹಿಂಡು, ನೆಲ್ಲಿಮರದ ಕೆಳಗೆ ಐದಾರು ಜಿಂಕೆ, ಕೊಂಬೆಯಿಂದ ಕೊಂಬೆಗೆ ಹಾರಿದ ಒಂದು ಕೆಂದಳಿಲು ಕಂಡವು. ಮುನ್ನೂರು ವರ್ಷ ದಾಟಿದೆಯೆಂದು ಹೇಳುವ ದೊಡ್ಡ ಸಾಗುವಾನಿಯನ್ನೂ ತೋರಿಸಿದರು. ಒಂದು ತಿರುವಿನಲ್ಲಿ ಬಯಲು ತೆರೆದುಕೊಂಡಿತು. ಸೊಂಟದೆತ್ತರದ ಹುಲ್ಲು. ಅಂಚಿನಲ್ಲಿ ಎರಡು ಹಲಸಿನ ಮರ, ಒಂದು ಮಾವು. ಅಜ್ಜಿ ಅಪ್ಪನ ತೋಳು ಹಿಡಿದು, "ಇದು ನಮ್ಮ ಕಟ್ಟೆಕೆಳಗಿನ ಗದ್ದೆಯಲ್ಲವೇನೋ?" ಎಂದರು. ಅಪ್ಪ ಹೌದೆಂದರು. ಜೀಪಿನಿಂದ ಇಳಿಯುವಂತಿರಲಿಲ್ಲ, ಅದು ನಿಯಮ, ಸರಿಯಾದ ನಿಯಮವೇ. ಚಾಲಕರು ಒಳ್ಳೆಯವರು, ಒಂದು ನಿಮಿಷ ಯಂತ್ರ ನಿಲ್ಲಿಸಿದರು. ಬೆಂಗಳೂರಿನ ಹುಡುಗ, "ಇಲ್ಲಿ ಏನಿದೆ ಅಂಕಲ್?" ಎಂದು ಕೇಳಿದ. ಅವನ ತಪ್ಪಲ್ಲ. ಅಲ್ಲಿ ಏನಿತ್ತೆಂದು ತಿಳಿಸುವ ಒಂದು ಹಲಗೆಯೂ ಇಲ್ಲ.

ಇಷ್ಟನ್ನು ಓದಿದವರು, ಇವನು ಊರು ಬಿಡಿಸಿದ್ದನ್ನು ದೂರುವವನೆಂದು ಭಾವಿಸಬಹುದು. ಹಾಗಲ್ಲ. ಊರು ಬಿಟ್ಟದ್ದು ಒಳ್ಳೆಯದೇ ಆಯಿತೆಂದು ನನ್ನ ತೀರ್ಮಾನ, ಅಪ್ಪನದೂ ಅದೇ. ಅಪ್ಪ ಹೇಳುವ ಕಾಡಿನ ಬಾಳಿನಲ್ಲಿ ಕವಿತೆ ಕಡಿಮೆ. ಬತ್ತ ಹಾಲು ತುಂಬುವಾಗ ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕುಳಿತು ತಗಡು ಬಡಿಯಬೇಕು. ಬೆಳಗಾಗುವಾಗ ಆನೆ ಇನ್ನೊಂದು ಮಗ್ಗುಲಿನಿಂದ ಬಂದು ತುಳಿದುಹೋಗಿರುತ್ತಿತ್ತು. ಜ್ವರ ಬಂದವರನ್ನು ಮಳೆಗಾಲದಲ್ಲಿ ಹೊತ್ತುಕೊಂಡು ಬರಬೇಕಾಗಿತ್ತು. ಆ ಊರಿಗೆ ಹೆಣ್ಣು ಕೊಡುವವರಿರಲಿಲ್ಲ. ಊರು ಬಿಟ್ಟ ಮೇಲೆ ತರೀಕೆರೆ ಕಡೆಯ ಅಮ್ಮನನ್ನು ಅಪ್ಪ ಮದುವೆಯಾದರೆಂಬುದರಿಂದ, ಈ ಲೇಖನ ಬರೆಯಲು ನಾನು ಇರುವುದೂ ಆ ಸ್ಥಳಾಂತರದ ಫಲವೇ ಎನ್ನಬಹುದು!

ಆದರೆ ಅಜ್ಜಿ ಇದನ್ನು ಒಪ್ಪುವುದಿಲ್ಲ. ಒಪ್ಪಬೇಕೆಂದು ನಾವು ಒತ್ತಾಯಿಸುವುದೂ ಇಲ್ಲ.

ಅನ್ಯಾಯವಾದದ್ದು ಬೇರೆಡೆಯಲ್ಲಿ. ಊರು ಬಿಡಬೇಕೆಂಬ ಮಾತು ಹೊರಟದ್ದು 1974ರ ಸುಮಾರಿಗೆ, ಬಿಟ್ಟದ್ದು 2001-02ರಲ್ಲಿ. ನಡುವಿನ ಇಪ್ಪತ್ತೇಳು ವರ್ಷ? ಹೇಗೂ ಹೋಗುವವರೆಂದು ರಸ್ತೆಯಿಲ್ಲ, ವಿದ್ಯುತ್ತಿಲ್ಲ. ಹೋಗುವುದೆಂದು ಎಂಬುದೂ ತಿಳಿಯದು. ಹೆಂಚು ಒಡೆದರೆ ಹೊಸ ಹೆಂಚು ಹಾಕಿಸಲು ಅಜ್ಜ ಹಿಂಜರಿಯುತ್ತಿದ್ದರಂತೆ. ಬಿಟ್ಟುಹೋಗುವ ಮನೆಗೆ ಹಣ ಏಕೆ ಸುರಿಯಬೇಕೆಂದು. ಅಡಿಕೆ ಸಸಿ ನೆಡಲಿಲ್ಲ, ಫಲ ಬರುವಷ್ಟರಲ್ಲಿ ಇರುತ್ತೇವೋ ಇಲ್ಲವೋ ಎಂದು. ಒಂದು ತಲೆಮಾರು ಕದ ತೆರೆದಿಟ್ಟುಕೊಂಡು ಹೊಸ್ತಿಲಲ್ಲಿ ನಿಂತೇ ಮುದಿಯಾಯಿತು. ಕೊನೆಗೆ ನಡೆದ ಸ್ಥಳಾಂತರ ದೇಶದಲ್ಲಿಯೇ ಮಾದರಿಯೆಂದು ಹೊಗಳಿಸಿಕೊಂಡಿದೆ. ಹೆಚ್ಚಿನವರಿಗೆ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೀರಾವರಿ ಜಮೀನು, ಮನೆ, ಉಳಿದವರಿಗೆ ಕೆಳಗೂರಿನಲ್ಲಿ. ಶಾಲೆ, ದಾರಿ, ದೀಪಗಳೂ ಬಂದವು. ಹೊಗಳಿಕೆ ನ್ಯಾಯವಾದದ್ದೇ. ಆದರೆ ಒಂದೆರಡು ವರ್ಷಗಳಲ್ಲಿ ಮಾಡಿ ಮುಗಿಸಬಹುದಾಗಿದ್ದ ಕೆಲಸವೆಂದು ಅದೇ ತೋರಿಸಿಕೊಟ್ಟಿತಲ್ಲವೆ?

ಈ ಮಾತನ್ನು ಈಗ ಎತ್ತಲು ಕಾರಣವುಂಟು. ಕಳಸದಿಂದ ಆಚೆ ಕುದುರೆಮುಖಕ್ಕೆ ಹೋಗಿ ನೋಡಿ. 1987ರಲ್ಲಿ ಅಲ್ಲಿ ಸುಮಾರು 600 ಚದರ ಕಿಲೋಮೀಟರು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಸಿಂಗಳೀಕಗಳ ತವರು, ತುಂಗೆ, ಭದ್ರೆ, ನೇತ್ರಾವತಿಗಳ ಉಗಮ, ರಕ್ಷಿಸತಕ್ಕದ್ದೇ. ಅದೇ ಉದ್ಯಾನದ ಒಡಲಲ್ಲಿ ಗುಡ್ಡ ಕಡಿದು, ಕಬ್ಬಿಣದ ಅದಿರನ್ನು ಪುಡಿಮಾಡಿ ನೀರಿನಲ್ಲಿ ಕಲಸಿ, ಕೊಳವೆಯಲ್ಲಿ ಮಂಗಳೂರಿಗೆ ಹರಿಸುವ ಕೆಲಸ 2005ರ ಕೊನೆಯವರೆಗೂ ನಡೆಯಿತು. ಅದೂ ನಿಂತದ್ದು 2002ರಲ್ಲಿ ಸರ್ವೋಚ್ಚ ನ್ಯಾಯಾಲಯ ಆಜ್ಞೆ ಮಾಡಿದ್ದರಿಂದ. ಕಾಡಂಚಿನ ಒಕ್ಕಲಿನವನು ದರಕು ಗುಡಿಸಿದರೆ ಕಾನೂನಿನ ನೆನಪಾಗುತ್ತಿದ್ದ ಕಾಲದಲ್ಲಿಯೇ ಬೆಟ್ಟದ ತಲೆ ಬೋಳಾಗುತ್ತಿತ್ತು. ಈಗ ಗಣಿ ಇಲ್ಲ, ಒಳಗಿನ ಮನೆಗಳು ಇವೆ. ಇಚ್ಛೆಯಿದ್ದವರು ಪರಿಹಾರ ಪಡೆದು ಬರಬಹುದೆಂಬ ಮಾತೂ ಇದೆ. ಹೋಗಲು ಸಿದ್ಧರಾದ ಮನೆಯವರನ್ನು ಕಾಯಿಸುವುದು, ಇರಲು ಬಯಸುವವರಿಗೆ ಸೇತುವೆ, ದಾರಿಗಳನ್ನು ನಿರಾಕರಿಸಿ ಬೇಸರ ಹುಟ್ಟಿಸುವುದು, ಇವೆರಡೂ ಜಾಗರ ಕಣಿವೆಯ ಆ ಇಪ್ಪತ್ತೇಳು ವರ್ಷಗಳ ಪುನರಾವೃತ್ತಿಯೇ ಸರಿ. ಹುಲಿ ಯೋಜನೆಯ ಪ್ರದೇಶಗಳಲ್ಲಿ ಕುಟುಂಬವೊಂದಕ್ಕೆ ಒಂದು ಲಕ್ಷ ರೂಪಾಯಿಯಿದ್ದ ಪರಿಹಾರ 2008ರಲ್ಲಿ ಹತ್ತು ಲಕ್ಷಕ್ಕೆ, 2021ರಲ್ಲಿ ಹದಿನೈದು ಲಕ್ಷಕ್ಕೆ ಏರಿತು. ಕಾಫಿ ಸೀಮೆಯಲ್ಲಿ ಹದಿನೈದು ಲಕ್ಷಕ್ಕೆ ಎಷ್ಟು ತೋಟ ಬರುವುದೆಂದು ಮೂಡಿಗೆರೆಯ ಯಾರನ್ನಾದರೂ ಕೇಳಿ, ಅವರು ನಕ್ಕಾರು. ಹಣಕ್ಕಿಂತ ನೆಲವನ್ನೇ ಕೊಟ್ಟದ್ದು ಭದ್ರಾದಲ್ಲಿ ಗೆದ್ದಿತೆಂಬುದನ್ನು ಮರೆಯಬಾರದು.

ಇನ್ನು ಆ ಹಲಗೆಯ ವಿಷಯ. ಮುತ್ತೋಡಿಯ ಬಾಗಿಲಿನಲ್ಲಿ ಹುಲಿ, ಚಿರತೆ, ಆನೆಗಳ ಚಿತ್ರಗಳಿರಲಿ. ಜೊತೆಗೆ ಬಿಟ್ಟುಹೋದ ಊರುಗಳ ಹೆಸರುಗಳೂ, ಮನೆಗಳ ಎಣಿಕೆಯೂ ಕನ್ನಡದಲ್ಲಿ ಇರಲಿ. ಇಂದು ಜಿಂಕೆ, ಕಾಟಿಗಳು ಮೇಯುವ ಹುಲ್ಲುಬಯಲು ಒಬ್ಬರು ಬಿಟ್ಟುಕೊಟ್ಟ ಗದ್ದೆಯೆಂದು ನೋಡುವವರಿಗೆ ತಿಳಿದರೆ, ಹುಲಿ ಕಾಣದಿದ್ದರೂ ಅವರು ಬರಿಗೈಯಲ್ಲಿ ಹಿಂದಿರುಗುವುದಿಲ್ಲ. ವರ್ಷಕ್ಕೊಂದು ದಿನ, ಇಲಾಖೆಯ ಕಾವಲಿನಲ್ಲಿಯೇ, ಹಳಬರನ್ನು ಅವರ ಊರಿನ ದೇವರ ಕಲ್ಲಿನವರೆಗೆ ಕರೆದೊಯ್ದರೆ ಕಾಡಿಗೇನೂ ನಷ್ಟವಾಗದು.

ಹೆಸರುಗಳನ್ನು ಸಂಗ್ರಹಿಸುವ ಕೆಲಸವನ್ನು ನಮ್ಮ ಚರಿತ್ರೆಯ ಸಂಘವೇ ಬೇಸಗೆ ರಜೆಯಲ್ಲಿ ಕೈಗೊಳ್ಳಬಹುದು. ಊರು ಬಿಟ್ಟಾಗ ಐವತ್ತು ದಾಟಿದ್ದವರಿಗೆ ಈಗ ಎಪ್ಪತ್ತೈದು, ತಡಮಾಡುವಂತಿಲ್ಲ. ಅಜ್ಜಿಯೊಬ್ಬರೇ ಹಿಂತಿರುಗುವ ದಾರಿಯಲ್ಲಿ, ಮಲ್ಲಂದೂರು ದಾಟುವಷ್ಟರಲ್ಲಿ, ಹದಿನೇಳು ಗದ್ದೆಗಳ ಹೆಸರನ್ನೂ ಅವುಗಳ ಒಡೆಯರ ಹೆಸರನ್ನೂ ಹೇಳಿದರು. ಬರೆದುಕೊಂಡಿದ್ದೇನೆ.